ಧಣಿಗಳು ಸಂಪಾದಕರಾಗಿ, ಸಂಪಾದಕರು ನಾಯಕರಾಗಿ

ಕೆಲವರು ಕಾಲಿಟ್ಟ ಕಡೆ ಹುಲ್ಲೂ ಹುಟ್ಟುವುದಿಲ್ಲ ಅಂತಾರೆ. ನಮ್ಮ ಧಣಿಗಳು ಕಾಲಿಟ್ಟ ಕಡೆಯೆಲ್ಲ ಒಂದೊಂದು ಪ್ರಸಂಗ ಹುಟ್ಟುತ್ತಿತ್ತು. ವಾರಕ್ಕೊಂದು ಖಾತ್ರಿ, ಚುನಾವಣೆ ಹತ್ತಿರ ಬಂದಾಗ ದಿನಕ್ಕೊಂದು. ದೂರ ನಿಂತವರು ಆಗಲೇ ನಕ್ಕು ಮುಗಿಸಿದರು. ಹತ್ತಿರ ಕೂತು ಪುಟ ಕಟ್ಟುತ್ತಿದ್ದ ನನಗೆ ನಗು ಬರೋಕೆ ತುಂಬಾ ಕಾಲ ಹಿಡೀತು. ಬಂದಾಗಲೂ ಹಲ್ಲು ಕಚ್ಚಿಕೊಂಡೇ ಬಂತು.

ಧಣಿಗಳು ಕರಾವಳಿಯವರು. ಚಿಕ್ಕ ವಯಸ್ಸಿಗೇ ದುಬೈಗೆ ಬಂದು, ಅಂಗಡಿಗಳಿಗೆ ಬೋರ್ಡ್ ಬರೆದು, ಆಮೇಲೆ ಅಲ್ ಖೂಜ್‌ನ ಒಂದು ಶೆಡ್ಡಿನಲ್ಲಿ ಪ್ರಿಂಟಿಂಗ್ ಪ್ರೆಸ್ ಹಾಕಿದವರು. ಹೋಟೆಲ್ ಮೆನು, ಫ್ಲೆಕ್ಸು, ಮದುವೆ ಕಾಗದ ಎಲ್ಲ ಅಲ್ಲಿ ಅಚ್ಚಾಗುತ್ತಿತ್ತು. ಅಷ್ಟಕ್ಕೇ ನಿಂತಿದ್ದರೆ ಇದನ್ನು ಬರೆಯುವ ಅಗತ್ಯವೇ ಇರಲಿಲ್ಲ. ಆದರೆ ಅವರು ಒಂದು ಕನ್ನಡ ಮಾಸಪತ್ರಿಕೆ ಶುರುಮಾಡಿದರು. ಅದರ ಮೆಟ್ಟಿಲು ಹತ್ತಿ ಇಲ್ಲಿನ ಕನ್ನಡ ಸಂಘವೊಂದರ ಅಧ್ಯಕ್ಷರಾದರು, ಅಲ್ಲಿಂದ ಊರಿನ ರಾಜಕೀಯಕ್ಕೆ ಜಿಗಿದರು. ನಾನು ಮೈಸೂರಿನವಳು. ಅಲ್ಲಿ ಒಂದು ಸಂಜೆ ಪತ್ರಿಕೆಯಲ್ಲಿ ಕರಡು ತಿದ್ದುತ್ತಿದ್ದೆ, ಮದುವೆಯಾಗಿ ದುಬೈಗೆ ಬಂದೆ. ಪತ್ರಿಕೆಯಲ್ಲಿ ನಾನಲ್ಲದೆ ಇದ್ದವನು ಒಬ್ಬ ಫೋಟೋಗ್ರಾಫರ್, ಉಡುಪಿ ಕಡೆಯ ಕೊಂಕಣಿ ಕ್ರಿಶ್ಚಿಯನ್ ಹುಡುಗ. ಮಾಲೀಕರನ್ನು ‘ಧಣಿಗಳು’ ಅನ್ನುತ್ತಿದ್ದವನು ಅವನೇ. ನಾನೂ ಕಲಿತೆ.

ಸಂದರ್ಶನ

ಕೆಲಸ ಕೇಳಿಕೊಂಡು ಹೋದ ದಿನ ನಾನು ಬರೆದ ಲೇಖನಗಳ ಕತ್ತರಿಕೆಗಳನ್ನು ಒಂದು ಫೈಲಿನಲ್ಲಿ ಜೋಡಿಸಿ ಧಣಿಗಳ ಮೇಜಿನ ಮೇಲಿಟ್ಟೆ. ಅವರು ಅದರ ಮೇಲೆ ಕರಕ್ ಚಹಾದ ಕಪ್ಪು ಇಟ್ಟರು.

“ವೀಸಾ ಯಾವುದು ಮೇಡಂ?”

“ಹಸ್ಬೆಂಡ್ ವೀಸಾ ಸರ್.”

ಅವರ ಮುಖ ಅರಳಿತು. ಗಂಡನ ವೀಸಾದಲ್ಲಿರುವ ಹೆಂಗಸನ್ನು ಕೆಲಸಕ್ಕಿಟ್ಟುಕೊಂಡರೆ ಕಂಪನಿಗೆ ವೀಸಾದ ಖರ್ಚಿಲ್ಲ. ಇದು ಇಲ್ಲಿನ ಚಿಕ್ಕ ಮಕ್ಕಳಿಗೂ ಗೊತ್ತು.

“ಇನ್ಶೂರೆನ್ಸು?”

“ಅದೂ ಗಂಡನ ಆಫೀಸಿಂದು.”

“ಇರೋದಕ್ಕೆ ಮನೆ?”

“ಇದೆ ಸರ್.”

“ಬಂದು ಹೋಗಲಿಕ್ಕೆ ಗಾಡಿ ಎಂತ ಬೇಡ ಅಲ್ವಾ?”

“ಮೆಟ್ರೋ ಇದೆ. ಅಲ್ಲಿಂದ ಬಸ್ಸು.”

ಧಣಿಗಳು ಕುರ್ಚಿಗೆ ಒರಗಿ ಕಣ್ಣು ಮುಚ್ಚಿದರು. ಫೈಲು ಇನ್ನೂ ಚಹಾದ ಕಪ್ಪಿನ ಅಡಿಯಲ್ಲೇ ಇತ್ತು.

“ಮೇಡಂ,” ಅಂದರು, “ಇಷ್ಟು ಚಂದ ಕನ್ನಡ ಬರೆಯುವವರು ಈ ದುಬೈಯಲ್ಲಿ ಸಿಗುವುದೇ ಇಲ್ಲ.”

ಸಿಂಹ ರಾಶಿ

ಪತ್ರಿಕೆ ಹುಟ್ಟಿದ್ದು ಕನ್ನಡದ ಮೇಲಿನ ಪ್ರೀತಿಗಲ್ಲ, ಒಂದು ಮೊಣಕೈಗೆ. ಬೇರೆ ಯಾವುದೋ ಸಂಘದವರು ತಮ್ಮ ವಾರ್ಷಿಕೋತ್ಸವದ ಸ್ಮರಣ ಸಂಚಿಕೆಯಲ್ಲಿ ವೇದಿಕೆಯ ಫೋಟೋ ಹಾಕಿದ್ದರು. ಸಾಲಿನ ತುದಿಗೆ ಕೂತಿದ್ದ ಧಣಿಗಳಲ್ಲಿ ಮೊಣಕೈ ಒಂದು ಬಿಟ್ಟು ಉಳಿದದ್ದೆಲ್ಲ ಕತ್ತರಿಸಿ ಹೋಗಿತ್ತು. “ಇದು ನಿಮ್ಮದೇ ಕೈ ಭಾವ, ವಾಚು ನೋಡಿ ಗೊತ್ತಾಯಿತು” ಅಂತ ಹೆಂಡತಿಯ ತಮ್ಮ ಊಟದ ಮನೆಯಲ್ಲಿ ಎಲ್ಲರ ಮುಂದೆ ಹೇಳಿದ. ಮರುವಾರ ನನ್ನ ಸಂದರ್ಶನ.

ಹಾಗಾಗಿ ಮೊದಲ ಸಂಚಿಕೆಯಲ್ಲಿ ಧಣಿಗಳು ಎಲ್ಲೂ ಕತ್ತರಿಸಿ ಹೋಗಬಾರದು ಅನ್ನೋದೇ ಸಂಪಾದಕೀಯ ನೀತಿ. ಮುಖಪುಟದಲ್ಲಿ ಅವರು. ಯಕ್ಷಗಾನದ ವರದಿಯಲ್ಲಿ ದೀಪ ಹಚ್ಚುತ್ತಿರುವವರು ಅವರು. ಥ್ರೋಬಾಲ್ ಪಂದ್ಯದಲ್ಲಿ ಕಪ್ ಕೊಡುತ್ತಿರುವವರು ಅವರು. ಅಡುಗೆ ಪುಟದಲ್ಲಿ ನೀರುದೋಸೆ ಬಾಯಿಗಿಡುತ್ತಿರುವವರೂ ಅವರೇ. ಇನ್ನೇನು ಅಚ್ಚಿಗೆ ಹೋಗಬೇಕು, ಒಂದು ಪುಟದ ಮೇಲೆ ಬೆರಳಿಟ್ಟರು.

“ಇದೆಂತ, ಇಲ್ಲಿ ಖಾಲಿ?”

“ಸರ್, ಅದು ರಾಶಿ ಭವಿಷ್ಯ.”

“ನನ್ನದು ಸಿಂಹ ರಾಶಿ. ಸಿಂಹದ ಹತ್ತಿರ ಹಾಕಿ.”

ಹಾಕಿದೆ. ಊರಿನ ಜ್ಯೋತಿಷಿಗಳೊಬ್ಬರು ಕಳಿಸಿದ್ದ ಭವಿಷ್ಯ ಅದು. ಫೋಟೋದ ಪಕ್ಕದಲ್ಲೇ ಸಿಂಹ ರಾಶಿಯವರಿಗೆ ಬರೆದದ್ದು: ‘ಈ ತಿಂಗಳು ಆತ್ಮಪ್ರಶಂಸೆಯಿಂದ ನಗೆಪಾಟಲಾಗುವ ಯೋಗವಿದೆ. ಹಿತಮಿತವಾಗಿರಿ.’ ಧಣಿಗಳು ಓದಿದರು. ಕಿವಿ ಕೆಂಪಾಯಿತು.

“ಇದನ್ನು ಬದಲಾಯಿಸಿ ಮೇಡಂ.”

“ಭವಿಷ್ಯವನ್ನಾ ಸರ್, ಜ್ಯೋತಿಷಿಯನ್ನಾ?”

“ಎರಡನ್ನೂ.”

ಅಲ್ ಐನ್‌ನಲ್ಲಿ ಕಣ್ಣೀರು

ಸಂಪಾದಕೀಯ ಬರೆಯುತ್ತಿದ್ದವಳು ನಾನು. ಕೆಳಗೆ ಸಹಿ ಧಣಿಗಳದ್ದು. ಇಲ್ಲಿನ ರಾಜಕೀಯ ಬರೆಯುವ ಹಾಗಿಲ್ಲ. ಊರಿನ ರಾಜಕೀಯ ಬರೆದರೆ ಯಾವುದಾದರೂ ಒಂದು ಕಡೆಯ ಜಾಹೀರಾತು ತಪ್ಪುತ್ತೆ. ಉಳಿದದ್ದು ಮನೆಯೊಳಗಿನ ವಿಷಯ. ಒಂದು ತಿಂಗಳು ನಾನು ನಮ್ಮ ಮನೆಯದ್ದೇ ಬರೆದೆ. ಮೈಸೂರಿನಿಂದ ನನ್ನ ಅಮ್ಮ ಫೋನ್ ಮಾಡಿದರೆ ನನ್ನ ಮಗ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾನೆ. ಅಮ್ಮನಿಗೆ ಇಂಗ್ಲಿಷ್ ಬಾರದು. ಮಧ್ಯೆ ನಾನು ನಿಂತು ಅವನ ಮಾತು ಅವರಿಗೆ, ಅವರ ಮಾತು ಇವನಿಗೆ ದಾಟಿಸಬೇಕು. ಅಜ್ಜಿಗೂ ಮೊಮ್ಮಗನಿಗೂ ನಡುವೆ ದುಭಾಷಿ ಬೇಕಾಗುವ ಕಾಲ ಬಂತಲ್ಲ ಅಂತ ಬರೆದು ಮುಗಿಸಿದ್ದೆ. ಬರೆದ ಮೇಲೆ ಮುಖ ತೊಳೆದುಕೊಂಡು ಬಂದೆ.

ಆ ಸಂಚಿಕೆ ಬಂದ ಮೇಲೆ ಅಲ್ ಐನ್‌ನಲ್ಲಿ ಒಂದು ಕಾರ್ಯಕ್ರಮ. ಧಣಿಗಳೇ ಮುಖ್ಯ ಅತಿಥಿ. ಶಾಲೆಯಲ್ಲಿ ಪಾಠ ಹೇಳುವ ಒಬ್ಬ ಮೇಷ್ಟ್ರು, ಧಾರವಾಡದ ಕಡೆಯ ಹಿರಿಯರು, ಜನರನ್ನು ಸರಿಸಿಕೊಂಡು ಬಂದು ಧಣಿಗಳ ಎರಡೂ ಕೈ ಹಿಡಿದುಕೊಂಡರು.

“ಸರ, ನಿಮ್ಮ ಆ ಅಜ್ಜಿ ಲೇಖನ ಓದಿ ನಾನು ಅತ್ತೀನ್ರಿ. ನಮ್ಮ ಮನ್ಯಾಗಿನ ಕಥಿನೂ ಅದ. ಹೆಂಗ ಬರದೀರಿ ನೀವು!”

ಧಣಿಗಳ ಕಣ್ಣಲ್ಲೂ ನೀರು ಬಂತು. ಬರಿಸಿಕೊಳ್ಳುವುದು ಅವರಿಗೆ ಗೊತ್ತಿತ್ತು. “ಬರೆಯುವಾಗ ನಾನೂ ಅತ್ತದ್ದೇ ಮೇಷ್ಟ್ರೇ” ಅಂದರು. ನಾನು ಹಿಂದೆ ನಿಂತಿದ್ದೆ, ಅವರಿಗೆ ಹೊದಿಸಿದ್ದ ಶಾಲನ್ನೂ ಹಣ್ಣಿನ ಬುಟ್ಟಿಯನ್ನೂ ಹಿಡಿದುಕೊಂಡು.

ವಾಪಸ್ ಬರುವಾಗ ಕಾರಿನಲ್ಲಿ ಕಿಟಕಿಯಾಚೆಯ ಮರಳನ್ನೇ ನೋಡುತ್ತಾ ಕೂತಿದ್ದರು. ಮೇಷ್ಟ್ರ ಮಾತು ನಿಜವಾಗಿಯೂ ಮನಸ್ಸಿಗೆ ತಟ್ಟಿರಬೇಕು ಅಂದುಕೊಂಡೆ. ಆಮೇಲೆ ಮುಂದಿನ ಸೀಟಿನಿಂದ ತಿರುಗಿ ಕೇಳಿದರು:

“ಮೇಡಂ, ಆ ಅಜ್ಜಿ ಕಡೆಗೆ ತೀರಿಕೊಳ್ತಾಳಾ?”

“ಇಲ್ಲ ಸರ್. ಮೈಸೂರಲ್ಲಿ ಆರಾಮಾಗಿದ್ದಾರೆ.”

“ಹಾಗಾದ್ರೆ ಆ ಮನುಷ್ಯ ಯಾಕೆ ಅತ್ತದ್ದು ಮಾರಾಯ್ತಿ?”

ಮುಸಫ್ಫಾ

ಇದನ್ನು ಹೇಳಬೇಕೋ ಬೇಡವೋ ಅಂತ ಬಹಳ ಯೋಚನೆ ಮಾಡಿದ್ದೀನಿ. ಹೇಳದೆ ಬಿಟ್ಟರೆ ಉಳಿದದ್ದೆಲ್ಲ ಬರೀ ತಮಾಷೆ ಆಗುತ್ತೆ.

ಧಣಿಗಳು ಆಗಷ್ಟೇ ಸಂಘದ ಅಧ್ಯಕ್ಷರಾಗಿದ್ದರು. ಅಬುಧಾಬಿಯ ಮುಸಫ್ಫಾದಲ್ಲಿ, ಫ್ಯಾಬ್ರಿಕೇಶನ್ ವರ್ಕ್‌ಶಾಪಿನ ಒಬ್ಬ ವೆಲ್ಡರ್ ಕಾರ್ಮಿಕರ ಕ್ಯಾಂಪಿನ ಮಂಚದ ಮೇಲೆ ಮಲಗಿದವನು ಏಳಲಿಲ್ಲ. ಹೃದಯಾಘಾತ. ಕೊಪ್ಪಳದ ಕಡೆಯವನು. ಅವನ ಚಿಕ್ಕಪ್ಪನ ಮಗ, ಇನ್ನೂ ಹುಡುಗ, ಅವನೂ ಅದೇ ವರ್ಕ್‌ಶಾಪಿನಲ್ಲಿದ್ದ. ಪಾಪ, ಅವನಿಗೆ ಆಸ್ಪತ್ರೆ, ಪೊಲೀಸು, ರಾಯಭಾರ ಕಚೇರಿ ಯಾವುದರ ಬಾಗಿಲೂ ಗೊತ್ತಿಲ್ಲ. ಗೊತ್ತಿದ್ದವರು ಅಬುಧಾಬಿಯ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದ ಒಬ್ಬ ಹೆಂಗಸು, ನಮ್ಮ ಫೋಟೋಗ್ರಾಫರನ ಊರಿನ ಕಡೆಯವರು; ಅಲ್ಲಿನ ರೂಢಿಯಂತೆ ಅವನು ಅವರನ್ನು ‘ನರ್ಸ್ ಬಾಯಿ’ ಅನ್ನುತ್ತಿದ್ದ. ಅವರು ಡ್ಯೂಟಿ ಮುಗಿಸಿಕೊಂಡು, ಯೂನಿಫಾರ್ಮು ಬಿಚ್ಚದೆ, ಆ ಹುಡುಗನನ್ನು ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ಕಾಗದ ಮಾಡಿಸಿದರು. ಸಂಘಕ್ಕೂ ಒಂದು ಮಾತು ತಿಳಿಸಿದರು. ಅದೇ ತಪ್ಪಾದದ್ದು.

“ನಾನೇ ಬಂದು ಅಂತಿಮ ನಮನ ಸಲ್ಲಿಸುತ್ತೇನೆ” ಅಂದರು ಧಣಿಗಳು. ಹೊರಡುವ ದಿನ ಬೆಳಗ್ಗೆ, ಜೊತೆಗೆ ಒಯ್ಯಬೇಕಿದ್ದ ಶ್ರದ್ಧಾಂಜಲಿಯ ಬ್ಯಾನರಿನಲ್ಲಿ ತಮ್ಮ ಮುಖ ಸ್ವಲ್ಪ ಕಪ್ಪಾಗಿ ಬಂದಿದೆ ಅಂತ ಇನ್ನೊಂದು ಸಲ ಪ್ರಿಂಟ್ ಹಾಕಿಸಿದರು. ಅದು ಒಣಗಬೇಕು. ದುಬೈ ಬಿಟ್ಟಾಗ ಬಿಸಿಲು ನೆತ್ತಿಗೆ ಬಂದಿತ್ತು.

ಶವವನ್ನು ಕಳಿಸುವ ಜಾಗಕ್ಕೆ ಹೋಗಿ ಇಳಿದರೆ ಹಾಲಿನಲ್ಲಿ ಇಬ್ಬರೇ. ಗೋಡೆಗೆ ಒರಗಿ ನರ್ಸ್ ಬಾಯಿ ಬಿಸ್ಕತ್ತು ತಿನ್ನುತ್ತಿದ್ದರು. ಬೆಳಗ್ಗಿನಿಂದ ಅದೇ ಮೊದಲ ತುತ್ತು ಅಂತ ಆಮೇಲೆ ಗೊತ್ತಾಯಿತು. ಆ ಹುಡುಗ ವರ್ಕ್‌ಶಾಪಿನ ಬಟ್ಟೆಯಲ್ಲೇ ನಿಂತಿದ್ದ, ಕೈಯಲ್ಲಿ ಅಣ್ಣನ ಮೊಬೈಲು.

“ಪೆಟ್ಟಿಗೆ ಎಲ್ಲಿ?” ಅಂದರು ಧಣಿಗಳು.

“ಹೋಯ್ತು ಸರ್. ಏರ್‌ಪೋರ್ಟಿಗೆ,” ನರ್ಸ್ ಬಾಯಿ ಹೇಳಿದರು.

“ಹೋಯ್ತಾ? ನಾನು ಬರ್ತೇನೆ ಅಂತ ಹೇಳಿದ್ದೆನಲ್ಲ. ಸ್ವಲ್ಪ ಕಾಯ್ಲಿಕ್ಕೆ ಎಂತ?”

“ವಿಮಾನ ಕಾಯೋದಿಲ್ಲ ಸರ್.”

ಧಣಿಗಳು ಮಡಿಸಿದ ಬ್ಯಾನರನ್ನು ನೋಡಿದರು, ಫೋಟೋಗ್ರಾಫರನನ್ನು ನೋಡಿದರು. ಅವನು ಕ್ಯಾಮೆರಾವನ್ನು ಚೀಲದಿಂದ ತೆಗೆದೇ ಇರಲಿಲ್ಲ. ಹಾಲಿನ ಆ ಕಡೆ ಮುಚ್ಚಿದ ಬಾಗಿಲಿತ್ತು. ಅದರ ಕಡೆ ಕತ್ತು ಚಾಚಿ, ದನಿ ತಗ್ಗಿಸಿ, ಆ ಹುಡುಗನನ್ನೇ ಕೇಳಿದರು:

“ಬೇರೆ ಪೆಟ್ಟಿಗೆ ಯಾವುದಾದರೂ ಉಂಟಾ ಇಲ್ಲಿ?”

ನರ್ಸ್ ಬಾಯಿ ಬಿಸ್ಕತ್ತು ಅಗಿಯುವುದನ್ನು ನಿಲ್ಲಿಸಿದರು. ನನಗೆ ನೆಲ ನೋಡುವುದೊಂದೇ ದಾರಿ. ಹುಡುಗನಿಗೆ ಕರಾವಳಿಯ ಮಾತು ಸರಿಯಾಗಿ ಅರ್ಥವಾಗಲಿಲ್ಲ. ಇಷ್ಟು ದೊಡ್ಡವರು ಅಷ್ಟು ದೂರದಿಂದ ಬಂದು ಏನೋ ಕೊಡಿಸುತ್ತೇನೆ ಅನ್ನುತ್ತಿದ್ದಾರೆ ಅಂದುಕೊಂಡ. ಎರಡೂ ಕೈ ಜೋಡಿಸಿ ಹೇಳಿದ:

“ಬ್ಯಾಡ್ರಿ ಸಾಹೇಬ್ರ. ನಮಗ ಒಂದ ಸಾಕ್ರಿ.”

ಟಿಕೆಟ್

ಊರಿನಿಂದ ಪಕ್ಷವೊಂದರ ದೊಡ್ಡ ನಾಯಕರು ದುಬೈಗೆ ಬಂದರು. ಬಂದವರು ಧಣಿಗಳ ವಿಲ್ಲಾದಲ್ಲಿ ಉಳಿದರು, ಧಣಿಗಳ ಕಾರಿನಲ್ಲಿ ಮಾಲ್ ಸುತ್ತಿದರು, ಧಣಿಗಳ ಹೆಂಡತಿ ಮಾಡಿದ ಕೋರಿರೊಟ್ಟಿ ತಿಂದರು. ಹೋಗುವಾಗ ಬೆನ್ನು ತಟ್ಟಿ ಹೋದರು.

ಒಂದು ದಿನ ನಾವೆಲ್ಲ ಪ್ರೆಸ್ಸಿನಲ್ಲಿದ್ದೇವೆ. ಧಣಿಗಳು ಬಾಗಿಲು ದಬ್ಬಿಕೊಂಡು ಬಂದು ಕೂಗಿದರು: “ಟಿಕೆಟ್ ಸಿಕ್ಕಿತು! ಟಿಕೆಟ್ ಮಿಲ್ ಗಯಾ!”

ಇಲ್ಲಿ ದುಡಿಯುವವನ ಕಿವಿಗೆ ಟಿಕೆಟ್ ಅಂದರೆ ಒಂದೇ ಅರ್ಥ. ಊರಿಗೆ ಹೋಗುವ ರಜೆಯ ವಿಮಾನದ ಟಿಕೆಟ್. ಧಣಿಗಳು ಅದನ್ನು ಈ ಈದ್‌ಗೆ, ಮುಂದಿನ ಈದ್‌ಗೆ ಅಂತ ಮುಂದೂಡುತ್ತಲೇ ಬಂದಿದ್ದರು. ಮಷೀನ್ ನಡೆಸುವ ಬಿಹಾರದ ಚಾಚಾ ಮಷೀನ್ ಆಫ್ ಮಾಡಿ ಓಡಿ ಬಂದು ಧಣಿಗಳನ್ನು ತಬ್ಬಿಕೊಂಡ. ಶಾಯಿಯ ಕೈ ಬಿಳಿ ಶರಟಿನ ಮೇಲೆ ಅಚ್ಚೊತ್ತಿತು. ಬೈಂಡಿಂಗ್‌ನವನು ಆಗಲೇ ಹೆಂಡತಿಗೆ ಫೋನ್ ಹಚ್ಚಿ “ಮಿಲ್ ಗಯಾ, ಮಿಲ್ ಗಯಾ” ಅನ್ನುತ್ತಿದ್ದ.

“ಅರೇ, ತುಮ್ಹಾರಾ ನಹೀಂ! ಮೇರಾ ಟಿಕೆಟ್! ಎಲೆಕ್ಷನ್ ಕಾ!”

ಬೈಂಡಿಂಗ್‌ನವನು ಫೋನ್ ಕೆಳಗಿಟ್ಟ. ಆ ಕಡೆಯ ದನಿ ಇನ್ನೂ ಕೇಳುತ್ತಿತ್ತು. ಚಾಚಾ ಮಾತ್ರ ಕೇಳಿದ, “ವಾಪಸ್ ಕಬ್ ಆಯೇಂಗೇ ಸಾಬ್?”

“ಗೆದ್ದರೆ ವಾಪಸ್ ಎಲ್ಲಿ ಬರುವುದು? ಅಲ್ಲೇ ಇರಬೇಕಾಗ್ತದೆ,” ಧಣಿಗಳು ಹಿಂದಿಯಲ್ಲಿ ವಿವರಿಸಿದರು.

ಚಾಚಾ ಆಕಾಶದ ಕಡೆ ಅಂಗೈ ಎತ್ತಿದ. “ಹಾಗಾದರೆ ಐದೂ ಹೊತ್ತಿನ ನಮಾಜಿನಲ್ಲೂ ನಿಮ್ಮ ಗೆಲುವನ್ನೇ ಕೇಳಿಕೊಳ್ತೀನಿ ಸಾಬ್.”

ನೌಕರರ ಪ್ರೀತಿ ಕಂಡು ಧಣಿಗಳು ಶಾಯಿ ಹತ್ತಿದ ಶರಟಿನಲ್ಲೇ ಚಾಚಾನನ್ನು ಇನ್ನೊಮ್ಮೆ ತಬ್ಬಿಕೊಂಡರು.

ಖಲಾಸ್

ಪ್ರಚಾರವನ್ನು ನಾವು ಪ್ರೆಸ್ಸಿನಲ್ಲಿ ಕೂತು ಮೊಬೈಲಿನಲ್ಲಿ ಲೈವ್ ನೋಡುತ್ತಿದ್ದೆವು. ಫೋಟೋಗ್ರಾಫರ್ ಊರಿಗೆ ಹೋಗಿ ಅಲ್ಲಿಂದ ವಿಡಿಯೋ ಬಿಡುತ್ತಿದ್ದ. ನನ್ನ ಕೆಲಸ ಇಲ್ಲಿಂದ ಭಾಷಣ ಬರೆದು ಕಳಿಸುವುದು. ಚೆನ್ನಾಗಿಯೇ ಬರೆದಿದ್ದೆ. ಆದರೆ ಅಷ್ಟು ವರ್ಷ ಗಲ್ಫಿನಲ್ಲಿದ್ದ ನಾಲಿಗೆ, ಜನ ಚಪ್ಪಾಳೆ ತಟ್ಟಿದ ಕೂಡಲೇ ಕಾಗದ ಬಿಟ್ಟು ಹೊರಟಿತು.

“ನನ್ನನ್ನು ಗೆಲ್ಲಿಸಿ! ಕುಡಿಯುವ ನೀರಿನ ಸಮಸ್ಯೆ ಖಲಾಸ್!” ಚಪ್ಪಾಳೆ.

“ರಸ್ತೆ ಹೊಂಡದ ಸಮಸ್ಯೆ ಖಲಾಸ್!” ಶಿಳ್ಳೆ.

“ಬಡತನ ಖಲಾಸ್! ಬಡವರು ಖಲಾಸ್!”

ಚಪ್ಪಾಳೆ ಅರ್ಧಕ್ಕೆ ನಿಂತಿತು. ನಮ್ಮೂರಲ್ಲಿ ಒಬ್ಬನನ್ನು ಖಲಾಸ್ ಮಾಡುವುದು ಅಂದರೆ ಏನು ಅಂತ ಪೊಲೀಸ್ ಸ್ಟೇಷನ್ನಿನವರೆಗೆ ಹೋಗಿ ಬಂದವರಿಗೆಲ್ಲ ಗೊತ್ತು. ಮರುದಿನ ಬೆಳಗ್ಗೆ ಎದುರು ಪಕ್ಷದವರ ಆಟೋಗಳು ಊರೂರಲ್ಲಿ ಓಡಾಡಿದವು. ಅವರು ತಮ್ಮ ಭಾಷಣ ಹಾಕಲೇ ಇಲ್ಲ. ಧಣಿಗಳ ದನಿಯನ್ನೇ ಮೈಕಿನಲ್ಲಿ ತಿರುಗಿಸಿ ತಿರುಗಿಸಿ ಹಾಕಿದರು. ಬಡವರು ಖಲಾಸ್, ಬಡವರು ಖಲಾಸ್.

ಧಣಿಗಳ ಫೋನ್ ಬಂತು. “ಮೇಡಂ, ಮಂಡೆಬಿಸಿ ಆಗಿದೆ. ಬೇಗ ಒಂದು ಸ್ಪಷ್ಟೀಕರಣ ಬರೀರಿ.”

“ಏನಂತ ಬರೀಲಿ ಸರ್?”

“ಖಲಾಸ್ ಅಂದ್ರೆ ಅರಬ್ಬಿಯಲ್ಲಿ ಉದ್ಧಾರ ಅಂತ ಅರ್ಥ ಅಂತ ಬರೀರಿ.”

ಬರೆದೆ. ಅಚ್ಚಾಯಿತು, ಹಂಚಿದರು. ಫಲಿತಾಂಶದ ದಿನ ಧಣಿಗಳು ಮೂರನೆಯವರಾಗಿ ಬಂದರು. ಆ ಸಂಜೆ ಫೋಟೋಗ್ರಾಫರ್ ನನಗೆ ಕಳಿಸಿದ ಸಂದೇಶದಲ್ಲಿ ಇದ್ದದ್ದು ಒಂದೇ ಸಾಲು: “ಮೇಡಂ, ಧಣಿಗಳು ಉದ್ಧಾರ.”

ಎರಡಕ್ಷರ

ಸೋತವರು ಸುಮ್ಮನೆ ಕೂರಲಿಲ್ಲ. ಟಿಕೆಟ್ ಕೊಟ್ಟ ಪಕ್ಷದವರೇ ಬೆನ್ನಿಗೆ ಚೂರಿ ಹಾಕಿದರು ಅಂತ ಗೆದ್ದ ಪಕ್ಷಕ್ಕೆ ಹೋದರು. ತೊಂದರೆ ಏನೆಂದರೆ, ಚುನಾವಣೆಗೆ ಮುಂಚೆ ಆ ಪಕ್ಷದ ನಾಯಕರ ಫೋಟೋವನ್ನು ನಮ್ಮ ಮುಖಪುಟದಲ್ಲಿ ಹಾಕಿ, ದೊಡ್ಡ ಅಕ್ಷರದಲ್ಲಿ ‘ನಾಡಿಗೊಂದು ಶಾಪ’ ಅಂತ ಬರೆಸಿದ್ದರು. ಈಗ ಅದೇ ನಾಯಕರು ದುಬೈಗೆ ಬರುತ್ತಿದ್ದಾರೆ. ಅವರಿಗೆ ವಿಶೇಷ ಸಂಚಿಕೆಯಾಗಬೇಕು.

“ಹೊಸ ಲೇಖನ ಬರೀಬೇಕಾ ಸರ್?” ಅಂದೆ.

“ಹೊಸದು ಯಾಕೆ? ಸಮಯ ಎಲ್ಲುಂಟು? ಅದೇ ಪುಟ ತೆಗೀರಿ, ಅದೇ ಫೋಟೋ ಇರಲಿ. ‘ಶಾಪ’ ತೆಗೆದು ‘ವರ’ ಹಾಕಿ. ಎರಡಕ್ಕೂ ಎರಡೇ ಅಕ್ಷರ ಅಲ್ವಾ? ಡಿಸೈನ್ ಹಾಳಾಗುವುದಿಲ್ಲ.”

ಯಾರನ್ನೂ ಬಿಡಬಾರದು

ಹೊಸ ಪಕ್ಷದವರು ಧಣಿಗಳನ್ನು ವಿಧಾನ ಪರಿಷತ್ತಿಗೆ ನಾಮನಿರ್ದೇಶನ ಮಾಡುವ ಮಾತಾಡಿದರು. ಕಲೆ, ಸಾಹಿತ್ಯ, ಸಮಾಜಸೇವೆ ಮಾಡಿದವರಿಗೆ ಇರುವ ಕುರ್ಚಿ ಅದು. ಧಣಿಗಳು ಸಾಹಿತ್ಯ ಆರಿಸಿಕೊಂಡರು. ಸಾಹಿತಿ ಅಂದ ಮೇಲೆ ಒಂದು ಪುಸ್ತಕವಾದರೂ ಇರಬೇಕಲ್ಲ. ನಾನು ಬರೆದ ಸಂಪಾದಕೀಯಗಳನ್ನೆಲ್ಲ ಒಟ್ಟು ಸೇರಿಸಿ ಒಂದು ಪುಸ್ತಕ ಮಾಡಿ ಅಂತ ನನಗೇ ಹೇಳಿದರು. ಹೊದಿಕೆಯ ಮೇಲೆ ಅವರ ಹೆಸರು, ಹಿಂದೆ ಅವರ ಫೋಟೋ, ಗಲ್ಲಕ್ಕೆ ಕೈ ಹಚ್ಚಿಕೊಂಡು ದೂರ ನೋಡುತ್ತಿರುವುದು.

ನನ್ನ ಗಂಡ ಹೇಳಿದ, “ಬಿಟ್ಟುಬಿಡು ಆ ಕೆಲಸ. ನಿನ್ನ ಅಮ್ಮನ ಮಾತನ್ನೂ ಅವನ ಹೆಸರಲ್ಲಿ ಅಚ್ಚು ಹಾಕಿಸ್ತೀಯಲ್ಲೇ.”

ಅವನ ಮಾತು ಸರಿ. ಆದರೆ ತಿಂಗಳಿಗೊಂದು ಸಲ ನಾನು ಬರೆದದ್ದನ್ನು ಅಲ್ ಐನ್‌ನ ಒಬ್ಬ ಮೇಷ್ಟ್ರು ಓದಿ ಅಳುತ್ತಿದ್ದರು. ಆ ಪುಟ ಬಿಟ್ಟರೆ ಈ ಮರಳಿನಲ್ಲಿ ನನಗೆ ಕನ್ನಡ ಬರೆಯೋಕೆ ಬೇರೆ ಜಾಗ ಎಲ್ಲಿತ್ತು? ಮಾಡಿಕೊಟ್ಟೆ. ಮುನ್ನುಡಿಯನ್ನೂ ಬರೆದುಕೊಟ್ಟೆ, ಊರಿನ ಒಬ್ಬ ದೊಡ್ಡವರು ಅದಕ್ಕೆ ಸಹಿ ಹಾಕಿದರು.

ಕೊನೆಗೆ ಉಳಿದದ್ದು ‘ಕೃತಜ್ಞತೆ’. ಅದನ್ನೂ ನಾನೇ ಬರೆಯಬೇಕಾಯಿತು. ಧಣಿಗಳ ಹೆಂಡತಿ, ಹೆಂಡತಿಯ ತಮ್ಮ, ಪಕ್ಷದ ನಾಯಕರು, ಫೋಟೋಗ್ರಾಫರ್, ಡ್ರೈವರ್, ಕೆಳಗಿನ ಕೆಫೆಟೇರಿಯಾದಿಂದ ಚಹಾ ತಂದುಕೊಡುವ ಮಲಯಾಳಿ, ಎಲ್ಲರ ಹೆಸರು ಹೇಳುತ್ತಾ ಹೋದರು, ಬರೆದುಕೊಂಡೆ. ಬರೆಯುತ್ತಾ ಒಂದು ಕ್ಷಣ ಪೆನ್ನು ನಿಲ್ಲಿಸಿ ಅವರ ಮುಖ ನೋಡಿದೆ. ನನ್ನ ಹೆಸರನ್ನು ನಾನೇ ಹೇಗೆ ಸೇರಿಸಿಕೊಳ್ಳಲಿ?

ಅವರೂ ನನ್ನ ಮುಖವನ್ನೇ ನೋಡಿದರು. ಏನೋ ಮರೆತವರ ಹಾಗೆ ಹಣೆ ಉಜ್ಜಿಕೊಂಡರು.

“ಎಲ್ಲರೂ ಬಂದರಾ ಮೇಡಂ? ಸರಿಯಾಗಿ ನೋಡಿ. ಕೆಲಸ ಮಾಡಿದವರ ಹೆಸರು ಬಿಟ್ಟರೆ ಪಾಪ ತಟ್ಟುತ್ತದೆ.”

ಪ್ರಶಸ್ತಿ

ಧಣಿಗಳು ಪರಿಷತ್ತಿನ ಸದಸ್ಯರಾದರು. ಪ್ರಮಾಣ ವಚನ ಮುಗಿಸಿದ ವಾರವೇ ಪ್ರೆಸ್ಸನ್ನು ಯಾರಿಗೋ ಮಾರಿ, ‘ಇನ್ನು ಪೂರ್ಣ ಸಮಯ ಜನಸೇವೆ. ಪತ್ರಿಕೆ ನಿಲ್ಲಿಸಿದ್ದೇನೆ. ಎಲ್ಲರಿಗೂ ಶುಭವಾಗಲಿ’ ಅಂತ ನಮ್ಮ ಗ್ರೂಪಿಗೆ ಬೆಂಗಳೂರಿನಿಂದ ಸಂದೇಶ ಹಾಕಿದರು. ಅದರ ಜೊತೆಗೆ ಒಂದು ಹೂಗುಚ್ಛದ ಚಿತ್ರ. ಅರ್ಧ ಕಟ್ಟಿದ ಸಂಚಿಕೆ ನನ್ನ ಕಂಪ್ಯೂಟರಿನಲ್ಲಿ ಹಾಗೇ ಇತ್ತು. ಹೊಸ ಮಾಲೀಕರು ಮರುದಿನವೇ ಆ ಕಂಪ್ಯೂಟರಿನಲ್ಲಿ ಶವರ್ಮಾ ಅಂಗಡಿಯ ಮೆನು ಹಾಕಿಸಿದರು.

ನನ್ನ ಗಂಡನ ಕೆಲಸ ಅಬುಧಾಬಿಗೆ ಬದಲಾಯಿತು. ಅಲ್ ರೀಮ್ ಐಲ್ಯಾಂಡಿನ ಎತ್ತರದ ಕಟ್ಟಡವೊಂದಕ್ಕೆ ಬಂದೆವು. ಅಲ್ಲೇ ಕಟ್ಟಡ ನೋಡಿಕೊಳ್ಳುವ ಕಂಪನಿಯಲ್ಲಿ ನನಗೊಂದು ಕೆಲಸವೂ ಸಿಕ್ಕಿತು. ಬಾಲ್ಕನಿಯಲ್ಲಿ ಬಟ್ಟೆ ಒಣಹಾಕಬೇಡಿ, ಲಿಫ್ಟಿನಲ್ಲಿ ಸೈಕಲ್ ತರಬೇಡಿ ಅಂತ ಇಂಗ್ಲಿಷಿನಲ್ಲಿ ನೋಟೀಸು ಬರೆಯುವುದು. ಓದಿ ಯಾರೂ ಅಳುವುದಿಲ್ಲ. ಬಟ್ಟೆಯನ್ನಂತೂ ಒಣಹಾಕುತ್ತಾರೆ.

ಹೀಗಿರುವಾಗ ಸಂಘದವರ ಫೋನ್ ಬಂತು. ಈ ಸಲದ ರಾಜ್ಯೋತ್ಸವಕ್ಕೆ ಗಲ್ಫಿನಲ್ಲಿ ಕನ್ನಡದ ಕೆಲಸ ಮಾಡಿದವರಿಗೆ ಪ್ರಶಸ್ತಿ ಕೊಡುತ್ತಾರಂತೆ, ಪತ್ರಿಕಾ ಸೇವೆಗೆ ನನ್ನನ್ನು ಆರಿಸಿದ್ದಾರಂತೆ. ಕೊಡುವವರು ಯಾರು ಅಂತ ಕೇಳಿದೆ. “ಮಾನ್ಯ ಪರಿಷತ್ ಸದಸ್ಯರು” ಅಂದರು. ಹೋಗಬಾರದು ಅನ್ನಿಸಿತು. ಆದರೆ ಅಮ್ಮ ಮೈಸೂರಿನಿಂದ, “ಹೋಗೇ, ಒಂದು ಫೋಟೋ ತೆಗೆಸಿಕೊಂಡು ಕಳಿಸು, ಪಕ್ಕದ ಮನೆಯವರಿಗೆ ತೋರಿಸ್ತೀನಿ” ಅಂದರು. ಜರಿಯಂಚಿನ ಸೀರೆ ಉಟ್ಟು ದುಬೈಗೆ ಹೋದೆ.

ಸ್ಕೂಲಿನ ಆಡಿಟೋರಿಯಂ. ವೇದಿಕೆಯ ಮೇಲೆ ಧಣಿಗಳು, ಈಗ ಪೂರ್ತಿ ಬಿಳಿ ಜುಬ್ಬಾ, ಕುತ್ತಿಗೆಗೆ ಶಲ್ಯ. ಪ್ರಶಸ್ತಿಗೆ ಹೋದ ಒಬ್ಬೊಬ್ಬರಿಗೂ ಶಾಲು ಹೊದಿಸಿ, ಕ್ಯಾಮೆರಾ ಕಡೆ ಹಲ್ಲು ಬಿಟ್ಟುಕೊಂಡೇ ಕಿವಿಯಲ್ಲಿ ಒಂದು ಒಳ್ಳೆಯ ಮಾತು ಹೇಳುತ್ತಿದ್ದರು. ನನಗಿಂತ ಮುಂಚೆ ಹೋದ ಭರತನಾಟ್ಯದ ಟೀಚರ್ ಕೆಳಗಿಳಿದು ಬಂದು, “ನಮ್ಮಲ್ಲಿ ಊಟ ಬಹಳ ಚೆನ್ನಾಗಿರುತ್ತೆ ಅಂದ್ರು ಕಣ್ರೀ, ನನ್ನನ್ನು ಹೋಟೆಲಿನವಳು ಅಂದುಕೊಂಡಿರಬೇಕು” ಅಂದರು.

ನನ್ನ ಹೆಸರು ಕರೆದರು. ಹತ್ತಿದೆ. ಧಣಿಗಳು ಶಾಲು ಹೊದಿಸಿದರು. ಎಷ್ಟು ವರ್ಷ ಒಂದೇ ಶೆಡ್ಡಿನಲ್ಲಿ ಕೂತಿದ್ದೆವು! ಕಣ್ಣಲ್ಲಿ ಕಣ್ಣಿಟ್ಟು ನೋಡಿದೆ. ಅವರು ಕ್ಯಾಮೆರಾ ನೋಡುತ್ತಾ ತುಟಿ ಅಲ್ಲಾಡಿಸದೆ ಕೇಳಿದರು:

“ಯಾವ ಪತ್ರಿಕೆ ಮೇಡಂ ನಿಮ್ಮದು?”

ಪತ್ರಿಕೆಯ ಹೆಸರು ಹೇಳಿದೆ. ಈಗ ಗೊತ್ತಾಗುತ್ತೆ, ಈಗ ಮುಖ ಸಪ್ಪಗಾಗುತ್ತೆ ಅಂತ ಕಾದೆ.

“ಓಹೋ! ಒಳ್ಳೆಯ ಪತ್ರಿಕೆ. ನಾನು ಪ್ರತಿ ತಿಂಗಳು ತಪ್ಪದೆ ಓದ್ತೇನೆ.”

“ಸರ್,” ಅಂದೆ, “ಅದು ನಿಂತು ಹೋಗಿದೆ.”

ಮೊದಲ ಸಲ ಅವರ ಕಣ್ಣು ಕ್ಯಾಮೆರಾ ಬಿಟ್ಟು ನನ್ನ ಕಡೆ ತಿರುಗಿತು. ನಿಜವಾದ ಸಂಕಟ ಇತ್ತು ಅದರಲ್ಲಿ. ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

“ಅಯ್ಯೋ ದೇವರೇ! ಯಾವ ಪಾಪಿ ನಿಲ್ಲಿಸಿದ್ದು ಮೇಡಂ? ಹೆಸರು ಹೇಳಿ ನನಗೆ, ನಾನು ಅವನ ಹತ್ತಿರ ಮಾತಾಡ್ತೇನೆ.”